ಉಬ್ಬು ಮುದ್ರೆ

2005ರ ನವೆಂಬರ್ ತಿಂಗಳ ಒಂದು ಶನಿವಾರ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನ ನಮ್ಮ ಮನೆಯ ಊಟದ ಮೇಜಿನ ಮೇಲೆ, ಎರಡು ಬಿಳಿ ಟವೆಲ್‌ಗಳ ನಡುವೆ ಒಂದು ಕಾಗದ ಮಲಗಿತ್ತು. ಇಸ್ತ್ರಿಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಗೆ ಇಟ್ಟುಕೊಂಡು ನಾನು ಮೇಲಿನ ಟವೆಲ್ಲನ್ನು ಒತ್ತುತ್ತಿದ್ದೆ, ಎತ್ತುತ್ತಿದ್ದೆ, ಮತ್ತೆ ಒತ್ತುತ್ತಿದ್ದೆ. ಸೀರೆಗೆ ಎಳೆದ ಹಾಗೆ ಎಳೆದರೆ ಒದ್ದೆ ಕಾಗದ ಹರಿದುಹೋಗುತ್ತದೆ. ಎರಡೂವರೆ ತಿಂಗಳು ತಗಡಿನ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ನೀರು ಕುಡಿದು ಕುಳಿತಿದ್ದ ಕಾಗದ ಅದು. ಅಂಚಿಗೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಶಾಯಿ ಹರಡಿ, ಹೆಸರು ಇದ್ದ ಜಾಗದಲ್ಲಿ ಒಂದು ನೀಲಿ ಮೋಡ ಉಳಿದಿತ್ತು.

ಟವೆಲ್ ಸರಿಸಿದಾಗ ಕಾಗದದ ಒಡತಿ ಮೊದಲು ನೋಡಲಿಲ್ಲ, ಮುಟ್ಟಿದರು. ಬಲಗಡೆಯ ಕೆಳಮೂಲೆಯಲ್ಲಿ ಹೆಬ್ಬೆರಳಾಡಿಸಿ, "ಇದು ಹೋಗಿಲ್ಲ" ಎಂದರು. ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟರು. ಲೂಸಿಯಾನಾ ರಾಜ್ಯದ ಉಬ್ಬು ಮುದ್ರೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಬೆರಳಿಗೆ ಮಾತ್ರ ಸಿಗುತ್ತಿತ್ತು. ಅದು ಅವರ ಶಿಕ್ಷಕಿ ಪರವಾನಗಿ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಟೀಚರಮ್ಮ ಎನ್ನುತ್ತೇನೆ, ನಮ್ಮ ಅರಸೀಕೆರೆ ಕಡೆ ಕರೆಯುವ ಹಾಗೆ. ಲೂಸಿಯಾನಾದ ನ್ಯೂ ಆರ್ಲಿಯನ್ಸ್ ನಗರದ ಜೆಂಟಿಲಿ ಎಂಬ ಬಡಾವಣೆಯಲ್ಲಿ ಅವರ ಮನೆ. ಒಂದನೇ ತರಗತಿಗೆ 24 ವರ್ಷ ಪಾಠ ಹೇಳಿದ್ದವರು. ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂತು, ತಡೆಗೋಡೆಗಳು ಒಡೆದವು, ಊರಿನ ಸುಮಾರು ಶೇಕಡಾ 80 ಭಾಗ ನೀರಿನಲ್ಲಿ ನಿಂತಿತು. ಹಿಂದಿನ ದಿನವೇ ಮೊಮ್ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹ್ಯೂಸ್ಟನ್ನಿನ ನಾದಿನಿಯ ಮನೆಗೆ ಹೊರಟಿದ್ದರು. ಎರಡು ದಿನಕ್ಕೆ ಸಾಕಾಗುವಷ್ಟು ಬಟ್ಟೆ ತಂದಿದ್ದರು. ಕಾಗದಪತ್ರ ತರಬೇಕೆಂದು ಯಾರಿಗೆ ಹೊಳೆಯುತ್ತದೆ? ಅಕ್ಟೋಬರ್ ಕಳೆದ ಮೇಲೆ, ಮನೆ ನೋಡಿಕೊಂಡು ಬರಲು ಅವಕಾಶ ಸಿಕ್ಕಾಗ ಅಣ್ಣನ ಜೊತೆ ಹೋಗಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಆ ಪೆಟ್ಟಿಗೆಯನ್ನು ಹೊರಗೆ ಎಳೆದು ತಂದಿದ್ದರು.

ನನಗೆ ಅವರು ಸಿಕ್ಕಿದ್ದು ನಾನು ಗಣಿತ ಹೇಳುತ್ತಿದ್ದ ಮಾಧ್ಯಮಿಕ ಶಾಲೆಯಲ್ಲಿ. ಆ ಸೆಪ್ಟೆಂಬರಿನಲ್ಲಿ ನಮಗೆಲ್ಲ ದಾಖಲಾತಿ ಮೇಜಿನ ಕೆಲಸ. ಟೆಕ್ಸಾಸ್ ರಾಜ್ಯದ ಶಾಲೆಗಳಿಗೆ ಆ ವರ್ಷ ಕತ್ರೀನಾದಿಂದ ಬಂದ ಮಕ್ಕಳೇ ಸುಮಾರು 45,000. ವರ್ಗಾವಣೆ ಪತ್ರ ಇಲ್ಲ, ಲಸಿಕೆಯ ಚೀಟಿ ಇಲ್ಲ, ಎಷ್ಟನೇ ತರಗತಿ ಎಂದು ಮಗುವನ್ನೇ ಕೇಳಿ ಬರೆದುಕೊಳ್ಳುತ್ತಿದ್ದೆವು. ಮಕ್ಕಳ ವಿಷಯದಲ್ಲಿ ಅದು ಸಾಕಾಗಿತ್ತು. ಬಾಯಿಮಾತನ್ನು ನಂಬಿ ಬೆಂಚು ಕೊಟ್ಟೆವು. ಮೊಮ್ಮಗನ ಹೆಸರು ಬರೆಸಿ ಮುಗಿದ ಮೇಲೆ ಟೀಚರಮ್ಮ ಮೇಜು ಬಿಟ್ಟು ಕದಲಲಿಲ್ಲ. "ನಾನೂ ಟೀಚರ್. ಇಲ್ಲಿ ಕೆಲಸ ಇದೆಯೇ?" ಎಂದರು.

ಕೆಲಸ ಬೇಕಾದಷ್ಟಿತ್ತು. ಆದರೆ ಮಗುವಿನ ಬಾಯಿಮಾತು ನಡೆದ ಹಾಗೆ ಟೀಚರ್ ಬಾಯಿಮಾತು ನಡೆಯುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀದರಿನ ಮೇಷ್ಟ್ರಿಗೆ ಚಾಮರಾಜನಗರಕ್ಕೆ ವರ್ಗವಾದರೆ ಹೊಸದಾಗಿ ಯಾವ ಪರೀಕ್ಷೆಯನ್ನೂ ಬರೆಯಬೇಕಿಲ್ಲ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಶಿಕ್ಷಕ ಪರವಾನಗಿ ಎಂಬುದೇ ಇಲ್ಲ. ಐವತ್ತು ರಾಜ್ಯಗಳಿಗೆ ಐವತ್ತು ಕಟ್ಟಳೆ, ತಮ್ಮ ತಮ್ಮದೇ ಪರೀಕ್ಷಾ ನಿಯಮ, ತಮ್ಮ ತಮ್ಮದೇ ಶುಲ್ಕ. ನಾಸ್‌ಡ್‌ಟೆಕ್ ಎಂಬ ಸಂಘಟನೆಯ ಮೂಲಕ ರಾಜ್ಯಗಳ ನಡುವೆ ಒಪ್ಪಂದಗಳಿವೆ, ನಿಜ. ಆದರೆ ಆ ಒಪ್ಪಂದದ ಅರ್ಥ "ನಿಮ್ಮ ಟೀಚರ್ ನಮಗೂ ಟೀಚರ್" ಎಂದಲ್ಲ. "ನಿಮ್ಮ ಟೀಚರ್ ಅರ್ಜಿ ಹಾಕಿದರೆ ನೋಡುತ್ತೇವೆ, ನಮ್ಮ ಷರತ್ತುಗಳು ನಮ್ಮವೇ" ಎಂದು. ಲೂಸಿಯಾನಾದಲ್ಲಿ ಪ್ರಾಕ್ಸಿಸ್ ಎಂಬ ಪರೀಕ್ಷೆ, ಟೆಕ್ಸಾಸಿನಲ್ಲಿ ಟೆಕ್ಸಸ್ ಎಂಬ ಬೇರೆ ಪರೀಕ್ಷೆ. ಎರಡು ಊರುಗಳ ನಡುವೆ 350 ಮೈಲಿ, ಒಂದೇ ಹೆದ್ದಾರಿ. ನಡುವೆ ಗಡಿ ದಾಟಿದ್ದು ಕಾರಿಗೆ ಗೊತ್ತಾಗುವುದಿಲ್ಲ, ಕಾಗದಕ್ಕೆ ಗೊತ್ತಾಗುತ್ತದೆ.

ನನಗೆ ಆ ದಾರಿ ಗೊತ್ತಿತ್ತು. 1997ರಲ್ಲಿ ಹ್ಯೂಸ್ಟನ್ನಿಗೆ ಬಂದಾಗ ನನ್ನ ಬಿ.ಎಡ್. ಪದವಿಯನ್ನು ಇಲ್ಲಿ ಒಪ್ಪಿಸಬೇಕಿತ್ತು. ಅಂಕಪಟ್ಟಿಯನ್ನು ನಾನೇ ಕೈಯಲ್ಲಿ ಹಿಡಿದು ಕೊಟ್ಟರೆ ಆಗದು, ವಿಶ್ವವಿದ್ಯಾಲಯವೇ ಲಕೋಟೆ ಮುಚ್ಚಿ, ಅದರ ಬಾಯಿಯ ಮೇಲೆ ಮೊಹರು ಹಾಕಿ ನೇರವಾಗಿ ಕಳಿಸಬೇಕು. ಅಪ್ಪ ಬಸ್ಸಿನಲ್ಲಿ ಮೂರು ಸಲ ಹೋಗಿ ಬಂದರು. ನಾಲ್ಕನೆಯ ಸಲ, ಗುಮಾಸ್ತರ ಎದುರಿಗೆ ಮಧ್ಯಾಹ್ನದವರೆಗೆ ಕುಳಿತು, ಲಕೋಟೆಗೆ ಗೋಂದು ಹಚ್ಚಿದ್ದನ್ನು ಕಣ್ಣಾರೆ ನೋಡಿಯೇ ಎದ್ದರಂತೆ. ಐದು ತಿಂಗಳು ಹಿಡಿಯಿತು. ನಮ್ಮ ಊರು ಆಗ ಒಣಗಿಯೇ ಇತ್ತು. ಕಚೇರಿ ಇತ್ತು, ಗುಮಾಸ್ತರಿದ್ದರು, ಓಡಾಡಲು ಅಪ್ಪ ಇದ್ದರು. ಇವು ಯಾವುವೂ ಇಲ್ಲದವರಿಗೆ ಏನು ದಾರಿ ಎಂಬ ಪ್ರಶ್ನೆ ಟೀಚರಮ್ಮನನ್ನು ನೋಡಿದ ದಿನವೇ ನನ್ನನ್ನು ಹಿಡಿದುಕೊಂಡಿತು.

ಅವರು ಓದಿದ ವಿಶ್ವವಿದ್ಯಾಲಯವೂ ನ್ಯೂ ಆರ್ಲಿಯನ್ಸಿನದೇ, ಅದರ ಆವರಣವೂ ಮುಳುಗಿತ್ತು. ಫೋನ್ ಮಾಡಿದರೆ ಗಂಟೆಯೂ ಆಗುತ್ತಿರಲಿಲ್ಲ. ಆ ಊರಿನ 504 ಸಂಖ್ಯೆಯ ಮೊಬೈಲ್‌ಗಳಿಗೇ ವಾರಗಟ್ಟಲೆ ಕರೆ ಹೋಗುತ್ತಿರಲಿಲ್ಲ. "ಅಂಕಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸತಕ್ಕದ್ದು" ಎಂಬ ಸಾಲನ್ನು ಅರ್ಜಿಯಲ್ಲಿ ಓದಿ ಟೀಚರಮ್ಮ ನನ್ನ ಮುಖ ನೋಡಿದ ರೀತಿ ಇವತ್ತಿಗೂ ನೆನಪಿದೆ. ಕೋಪ ಇರಲಿಲ್ಲ. ಒಂದನೇ ತರಗತಿಯ ಮಗು ತಪ್ಪು ಬರೆದಾಗ ಟೀಚರ್ ನೋಡುತ್ತಾರಲ್ಲ, ಇನ್ನೊಂದು ಸಲ ಯೋಚಿಸು ಎನ್ನುವ ಹಾಗೆ, ಆ ನೋಟ.

ಪರವಾನಗಿಯ ದಾಖಲೆ ಮಾತ್ರ ಸುಲಭವಾಗಿ ಸಿಕ್ಕಿತು. ಲೂಸಿಯಾನಾದ ಶಿಕ್ಷಣ ಇಲಾಖೆ ಇರುವುದು ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ, ಅಲ್ಲಿಗೆ ಪ್ರವಾಹ ಬಂದಿರಲಿಲ್ಲ. ಟೀಚರಮ್ಮನ ಕೈಯಲ್ಲಿದ್ದ ಕಾಗದ ನೆನೆದಿತ್ತೇ ಹೊರತು ಅದನ್ನು ಕೊಟ್ಟವರ ಕಡತ ಒಣಗಿತ್ತು. ಹಾಗಾದರೆ ನಾನು ಆ ಶನಿವಾರ ಇಸ್ತ್ರಿ ಹಾಕಿದ್ದೇಕೆ ಎಂದು ಕೇಳಬಹುದು. ಅದು ಅವರಿಗಾಗಿ. ಅರ್ಜಿಗೆ ಅದು ಬೇಕಾಗಿರಲಿಲ್ಲ, ಅವರಿಗೆ ಬೇಕಾಗಿತ್ತು.

ನಿಜವಾದ ತೊಡಕು ಬಂದದ್ದು ಅನುಭವದ ಲೆಕ್ಕದಲ್ಲಿ. ಟೆಕ್ಸಾಸಿನಲ್ಲಿ ಟೀಚರ್‌ಗಳ ಸಂಬಳ ಅನುಭವದ ವರ್ಷಗಳ ಮೇಲೆ ನಿಲ್ಲುತ್ತದೆ. ಆ ವರ್ಷಗಳಿಗೆ ಸೇವಾ ದಾಖಲೆ ಎಂಬ ಒಂದು ನಮೂನೆ ಇದೆ, ಹಿಂದೆ ಕೆಲಸ ಮಾಡಿದ ಶಾಲಾ ಆಡಳಿತದವರು ತುಂಬಿ ಸಹಿ ಹಾಕಬೇಕು. ನಮ್ಮಲ್ಲಿ ಸರ್ವಿಸ್ ರಿಜಿಸ್ಟರ್ ಎನ್ನುತ್ತೇವಲ್ಲ, ಅದೇ. ಅಪ್ಪ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. "ಎಸ್.ಆರ್. ಕಳೆದರೆ ಮೇಷ್ಟ್ರು ಸತ್ತ ಹಾಗೆ" ಎಂದು ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಅದು ಬರಿಯ ಮಾತು ಎಂದುಕೊಂಡಿದ್ದೆ. ಟೀಚರಮ್ಮನಿಗೆ ಸಹಿ ಹಾಕಬೇಕಾದ ಕಚೇರಿಯವರೇ ಊರು ಬಿಟ್ಟು ಚೆದುರಿದ್ದರು. ಆ ಚಳಿಗಾಲ ಕಳೆಯುವ ಹೊತ್ತಿಗೆ ನ್ಯೂ ಆರ್ಲಿಯನ್ಸಿನ ಸಾರ್ವಜನಿಕ ಶಾಲೆಗಳ 7,000ಕ್ಕೂ ಹೆಚ್ಚು ನೌಕರರು ಕೆಲಸವನ್ನೇ ಕಳೆದುಕೊಂಡರು. ನವೆಂಬರಿನಲ್ಲೇ ಅಲ್ಲಿನ ಶಾಸನಸಭೆ ಊರಿನ ಬಹುಪಾಲು ಶಾಲೆಗಳನ್ನು ಹಳೆಯ ಶಾಲಾ ಮಂಡಳಿಯಿಂದ ತೆಗೆದು ರಾಜ್ಯದ ಕೈಗೆ ಕೊಟ್ಟಿತ್ತು. ನೌಕರರು ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆದು, 2012ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಅವರ ಪರವಾಗಿ, 2014ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರ ವಿರುದ್ಧವಾಗಿ ತೀರ್ಪಾಯಿತು. ಆ ನೌಕರರಲ್ಲಿ ಹೆಚ್ಚಿನವರು ಟೀಚರಮ್ಮನಂತೆ ಕಪ್ಪು ಹೆಂಗಸರು, ಮನೆಯ ಆಧಾರವಾಗಿದ್ದವರು.

ಟೀಚರಮ್ಮನಿಗೆ ಇಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅನುಭವದ ಜಾಗದಲ್ಲಿ ಸೊನ್ನೆ ಬರೆದರು. ಇಪ್ಪತ್ನಾಲ್ಕು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರಿಗೆ, ನಿನ್ನೆ ಕಾಲೇಜಿನಿಂದ ಹೊರಬಂದ ಹುಡುಗಿಯ ಸಂಬಳ. ದಾಖಲೆ ತಂದರೆ ತಿದ್ದುತ್ತೇವೆ ಎಂದರು. ಎಲ್ಲಿಂದ ತರುವುದು?

ದಾರಿ ಹೊಳೆದದ್ದು ನನ್ನ ಅಡುಗೆಮನೆಯಲ್ಲಿ, ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ. ಎಲ್ಲವನ್ನೂ ಕೇಳಿಸಿಕೊಂಡ ಅಪ್ಪ ಕೇಳಿದ್ದು ಒಂದೇ ಮಾತು: "ಅವರಿಗೆ ಪಿಂಚಣಿ ಇಲ್ಲವೇನಮ್ಮ?" ಇತ್ತು! ಲೂಸಿಯಾನಾದ ಶಿಕ್ಷಕರ ನಿವೃತ್ತಿ ನಿಧಿಯ ಕಚೇರಿಯೂ ಬ್ಯಾಟನ್ ರೂಜ್‌ನಲ್ಲಿಯೇ. ಸಂಬಳದಿಂದ ಯಾವ ವರ್ಷ ಎಷ್ಟು ಕಡಿತವಾಯಿತು ಎಂಬ ಲೆಕ್ಕ ಅಲ್ಲಿ ಸಾಲು ಸಾಲಾಗಿತ್ತು. ಕಡಿತವಾಗಿದ್ದರೆ ಸಂಬಳ ಕೊಟ್ಟಿರಬೇಕು, ಸಂಬಳ ಕೊಟ್ಟಿದ್ದರೆ ಕೆಲಸ ಮಾಡಿರಬೇಕು. ಆ ಪಟ್ಟಿಯನ್ನು ತರಿಸಿದೆವು. ಜೊತೆಗೊಂದು ಅಫಿಡವಿಟ್ ಬರೆದು, ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲಿ ಪರಿಚಯವಾಗಿದ್ದ ಕನ್ನಡದ ಗೆಳತಿಯ ಹತ್ತಿರ ಹೋದೆವು, ಅವಳು ನೋಟರಿ. ಟೀಚರಮ್ಮ ಬಲಗೈ ಎತ್ತಿ ಪ್ರಮಾಣ ಮಾಡಿದರು. ಗೆಳತಿ ಮೊಹರು ಒತ್ತಿ, ಶುಲ್ಕ ಬೇಡ ಎಂದು, ತಟ್ಟೆ ತುಂಬ ಚಿತ್ರಾನ್ನ ಬಡಿಸಿದಳು. ಎರಡು ತಿಂಗಳ ಮೇಲೆ ಸೊನ್ನೆ ಹೋಗಿ 24 ಬಂತು. ಆಮೇಲೆ ಆ ದಾರಿಯನ್ನೇ ಒಂಬತ್ತು ಜನ ಟೀಚರ್‌ಗಳಿಗೆ ಹೇಳಿಕೊಟ್ಟೆವು. ಶನಿವಾರ ಬೆಳಿಗ್ಗೆ ಹತ್ತರಿಂದ ನಮ್ಮ ಊಟದ ಮೇಜು, ನನ್ನ ಗಂಡನ ಸ್ಕ್ಯಾನರ್, ಗೆಳತಿಯ ಮೊಹರು. ಸಂಸ್ಥೆ, ಹೆಸರು, ಫಲಕ ಏನೂ ಇರಲಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದು ನಾನೂ ನಂಬಿದ್ದೆ. ಮುಗಿದಿರಲಿಲ್ಲ. ಈ ಬರಹವನ್ನು ಬರೆಯಲು ಕಾರಣವೇ ಅದು.

ವಿಪತ್ತು ಬಂದ ಮೊದಲ ವರ್ಷ ಎಲ್ಲರೂ ಕರುಣಾಳುಗಳು. ಟೆಕ್ಸಾಸ್ ಹೊರರಾಜ್ಯದ ಟೀಚರ್‌ಗಳಿಗೆ ಒಂದು ವರ್ಷದ ಪ್ರಮಾಣಪತ್ರ ಕೊಡುತ್ತದೆ, ಅದರೊಳಗೆ ಇಲ್ಲಿನ ಪರೀಕ್ಷೆಗಳನ್ನು ಬರೆದು ಮುಗಿಸಬೇಕು. ಅಮೆರಿಕದ ಸಂಸತ್ತು 2005ರ ಡಿಸೆಂಬರ್ ಕೊನೆಯಲ್ಲಿ ಮಾಡಿದ ಕಾನೂನೂ ಅಷ್ಟೇ: ಕತ್ರೀನಾ ಮತ್ತು ರೀಟಾ ಚಂಡಮಾರುತಗಳಿಂದ ನೆಲೆ ತಪ್ಪಿದ ಅರ್ಹ ಟೀಚರ್‌ಗಳನ್ನು ಬೇರೆ ರಾಜ್ಯದವರು ಒಂದು ವರ್ಷದ ಮಟ್ಟಿಗೆ ಅರ್ಹರೆಂದೇ ಪರಿಗಣಿಸಬಹುದು ಎಂದಿತು. ಒಂದು ವರ್ಷ. ಮನೆ ಇರುವವರಿಗೆ ಅದು ಉದ್ದವಾದ ಅವಧಿ. ಟೀಚರಮ್ಮನ ಒಂದು ವರ್ಷ ಹೇಗೆ ಹೋಯಿತು ಎಂದು ನಾನು ನೋಡಿದ್ದೇನೆ. ಬಂದು ಮೂರೂವರೆ ವಾರಕ್ಕೆ ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್ನೇ ಖಾಲಿಯಾಯಿತು. ಅವರು ಮತ್ತೆ ಮೊಮ್ಮಗನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ 14 ಗಂಟೆ ಕಾದರು. ಹಾನಿ ಗಾಳಿಯಿಂದಾದದ್ದೋ ನೀರಿನಿಂದಾದದ್ದೋ ಎಂದು ವಿಮೆಯವರೊಡನೆ ತಿಂಗಳುಗಟ್ಟಲೆ ವಾದ. ತಿಂಗಳಿಗೆರಡು ವಾರಾಂತ್ಯ ಜೆಂಟಿಲಿಗೆ ಹೋಗಿ ಗೋಡೆಯ ಬೂಷ್ಟು ಕೆರೆಯುವುದು. ಇದರ ನಡುವೆ ಓದಿ ಎರಡು ಪರೀಕ್ಷೆ.

ಅಭ್ಯಾಸಕ್ಕೆಂದು ನಾನೇ ಒಂದು ಪ್ರಶ್ನೆ ಬರೆದುಕೊಟ್ಟಿದ್ದೆ. ಶಾಲೆಯ ಮೊದಲ ದಿನ ಮಗು ತಾಯಿಯ ಕೈ ಬಿಡುತ್ತಿಲ್ಲ, ಶಿಕ್ಷಕಿ ಏನು ಮಾಡಬೇಕು? ನಾಲ್ಕು ಉತ್ತರ, ಒಂದಕ್ಕೆ ಗುರುತು. ಟೀಚರಮ್ಮ ಪೆನ್ಸಿಲ್ ಕೆಳಗಿಟ್ಟು ಹೇಳಿದರು: "ಇದರಲ್ಲಿ ಯಾವುದೂ ಅಲ್ಲ. ನಾನು ತಾಯಿಯನ್ನು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂರಿಸುತ್ತೇನೆ. ಅವಳ ಮೊಣಕಾಲು ಗಲ್ಲಕ್ಕೆ ಬರುತ್ತದೆ. ಮಗು ನಗುತ್ತದೆ. ನಕ್ಕ ಮಗು ಕೈ ಬಿಡುತ್ತದೆ." ನಾನು ಗಣಿತದವಳು, ಸರಿಯುತ್ತರ ಒಂದೇ ಇರುತ್ತದೆ ಎಂದು ನಂಬಿ ಬೆಳೆದವಳು. ಆ ದಿನ ನನ್ನ ನಾಲ್ಕು ಉತ್ತರಗಳನ್ನೂ ಹೊಡೆದುಹಾಕಿ ಅವರದನ್ನು ಬರೆದುಕೊಂಡೆ.

ಬೋಧನಾ ಕ್ರಮದ ಪರೀಕ್ಷೆಯಲ್ಲಿ ತೇರ್ಗಡೆಗೆ 240 ಅಂಕ ಬೇಕು. ಅವರಿಗೆ 236 ಬಂತು. ಹಿಂದಿನ ರಾತ್ರಿ ಮನೆಯ ವಿಷಯಕ್ಕೆ ಫೋನ್ ಬಂದು ನಿದ್ದೆ ಹೋಗಿರಲಿಲ್ಲ. ಮತ್ತೆ ಶುಲ್ಕ ಕಟ್ಟಿ ಬರೆದರು, ಅವಧಿ ಮುಗಿಯಲು ಐದು ವಾರ ಇದ್ದಾಗ 251 ಬಂತು. ಫಲಿತಾಂಶದ ಕಾಗದವನ್ನು ನಮ್ಮ ಮನೆಗೆ ತಂದು ಅದೇ ಮೇಜಿನ ಮೇಲೆ ಇಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತರು.

ಎಲ್ಲರೂ ದಾಟಲಿಲ್ಲ. ನಮ್ಮ ಶನಿವಾರದ ಗುಂಪಿನಲ್ಲಿ ಹನ್ನೊಂದು ವರ್ಷ ಬೀಜಗಣಿತ ಹೇಳಿದ್ದ ಒಬ್ಬರಿದ್ದರು. ವಾರಾಂತ್ಯವೆಲ್ಲ ಮನೆ ಕಟ್ಟಲು ಹೋಗುತ್ತಿದ್ದರು, ಪರೀಕ್ಷೆಗಳೂ ಶನಿವಾರವೇ. ವರ್ಷ ಕಳೆಯಿತು, ಪ್ರಮಾಣಪತ್ರ ಮುಗಿಯಿತು, ಅವರು ಶಾಲೆ ಬಿಟ್ಟರು. 2008ರಲ್ಲಿ ಒಂದು ಗೃಹಸಾಮಗ್ರಿ ಅಂಗಡಿಯಲ್ಲಿ ಅವರನ್ನು ಕಂಡೆ, ಸಮವಸ್ತ್ರದ ಏಪ್ರನ್ ತೊಟ್ಟಿದ್ದರು. ಒಬ್ಬ ಗಿರಾಕಿಗೆ ಬಿಲ್ಲಿನ ಹಿಂಬದಿಯಲ್ಲಿ ಆಯತ ಬರೆದು, ಉದ್ದ ಅಗಲ ಗುಣಿಸಿ, ಎಷ್ಟು ಟೈಲ್ಸ್ ಬೇಕು ಎಂದು ತೋರಿಸುತ್ತಿದ್ದರು. "ಈಗ ನೀವು ಸ್ನಾನದ ಮನೆಗೆ ಲೆಕ್ಕ ಹಾಕಿ ನೋಡಿ" ಎಂದು ಪೆನ್ನನ್ನು ಆತನ ಕೈಗೆ ಕೊಟ್ಟರು. ನಾನು ಮಾತನಾಡಿಸಲಾಗದೆ ಬೇರೆ ಸಾಲಿಗೆ ತಿರುಗಿಬಿಟ್ಟೆ. ಅದಕ್ಕಾಗಿ ಈಗಲೂ ಮರುಗುತ್ತೇನೆ.

2017ರಲ್ಲಿ ಮರಿಯಾ ಚಂಡಮಾರುತ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪವನ್ನು ಹೊಡೆದಾಗ ಇದೇ ಕಥೆ ಸ್ಪ್ಯಾನಿಷ್ ಭಾಷೆಯಲ್ಲಿ ಮತ್ತೆ ನಡೆಯಿತು. ದ್ವೀಪ ಬಿಟ್ಟವರಲ್ಲಿ ಬಹಳ ಜನ ಫ್ಲಾರಿಡಾಕ್ಕೆ ಹೋದರು. ಫ್ಲಾರಿಡಾ ಆಗ ಕೊಡುತ್ತಿದ್ದ ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮೂರು ವರ್ಷ, ಅದು ಎಷ್ಟೋ ವಾಸಿ. ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ, ಇವರು ಜೀವಮಾನವಿಡೀ ಕಲಿಸಿದ್ದು ಸ್ಪ್ಯಾನಿಷಿನಲ್ಲಿ. ನಮ್ಮ ಶಾಲೆಗೂ ಆ ದ್ವೀಪದ ಪೊನ್ಸೆ ಊರಿನ ವಿಜ್ಞಾನ ಶಿಕ್ಷಕಿಯೊಬ್ಬರು ಬಂದರು. ಒಂದೂವರೆ ವರ್ಷ ತರಗತಿಯ ಸಹಾಯಕಿಯಾಗಿ, ಹಿಂದಿನ ಬೆಂಚಿನಲ್ಲಿ ಕುಳಿತು, ಬೇರೆಯವರ ಪಾಠವನ್ನು ಮಕ್ಕಳ ಕಿವಿಯಲ್ಲಿ ಅನುವಾದಿಸಿದರು.

ಈಗ ಶಿಕ್ಷಕರ ಅಂತರರಾಜ್ಯ ಒಡಂಬಡಿಕೆ ಎಂಬುದೊಂದು ಬಂದಿದೆ. 2023ರಲ್ಲಿ ಕೊಲೊರಾಡೊ ಮೊದಲು ಒಪ್ಪಿತು, ಅದೇ ವರ್ಷ ಹತ್ತು ರಾಜ್ಯಗಳು ಸೇರಿದ ಮೇಲೆ ಜಾರಿಗೆ ಬಂತು. ಸೇರಿದ ರಾಜ್ಯಗಳ ನಡುವೆ ಪೂರ್ಣ ಪರವಾನಗಿ ಇರುವ ಟೀಚರ್‌ಗೆ ಅದಕ್ಕೆ ಹತ್ತಿರದ ಪರವಾನಗಿಯನ್ನು ಹೊಸ ಪರೀಕ್ಷೆಯಿಲ್ಲದೆ ಕೊಡಬೇಕು. ಸೈನಿಕರ ಬಾಳಸಂಗಾತಿಗಳಿಗೆ ಅದರಲ್ಲಿ ವಿಶೇಷ ಅನುಕೂಲವಿದೆ. ಸೈನಿಕರ ಮನೆಯವರು ಪದೇಪದೇ ಊರು ಬದಲಿಸಬೇಕಾಗುತ್ತದೆ, ನ್ಯಾಯವೇ. ನೀರು ನುಗ್ಗಿ, ಬೆಂಕಿ ಹತ್ತಿ ಊರು ಬಿಟ್ಟವರಿಗೂ ಅಂಥದೇ ಒಂದು ಸಾಲು ಬೇಕು ಎಂದು ನಮ್ಮ ಶಾಸಕರಿಗೆ ಮೂರು ಸಲ ಬರೆದಿದ್ದೇನೆ. ಬೆರಳಚ್ಚು, ಅಪರಾಧ ಹಿನ್ನೆಲೆಯ ತಪಾಸಣೆ ಬಿಡಬೇಕೆಂದು ನಾನು ಕೇಳುತ್ತಿಲ್ಲ. ಮಕ್ಕಳ ಸುರಕ್ಷತೆಯಲ್ಲಿ ಕಣ್ಣು ಮುಚ್ಚುವ ಮಾತೇ ಇಲ್ಲ. ನಾನು ಕೇಳುತ್ತಿರುವುದು ಇಷ್ಟು: ದಾಖಲೆ ಒಂದು ರಾಜ್ಯದ ಕಚೇರಿಯಲ್ಲಿ ಒಣಗಿ ಕುಳಿತಿರುವಾಗ, ಇನ್ನೊಂದು ರಾಜ್ಯದ ಕಚೇರಿ ಅದನ್ನು ತಾನೇ ಕೇಳಿ ತರಿಸಿಕೊಳ್ಳಲಿ. ನೆನೆದು ಬಂದ ಮನುಷ್ಯರನ್ನು ಅದಕ್ಕಾಗಿ ಓಡಾಡಿಸುವುದು ಬೇಡ. ಮತ್ತು ಅವಧಿ ಮೂರು ವರ್ಷವಾದರೂ ಇರಲಿ, ಎರಡನೆಯ ವರ್ಷದಲ್ಲಿ ಯಾರೂ ಕೈ ಬಿಡದಿರಲಿ.

ಇದನ್ನು ಓದುತ್ತಿರುವವರಲ್ಲಿ ಇಲ್ಲಿನ ಶಾಲೆಗಳಲ್ಲಿ ಕಲಿಸುವ ಕನ್ನಡಿಗರು ಬಹಳ ಜನ ಇದ್ದೀರಿ. ನಿಮ್ಮ ಊರಿಗೆ ಹಾಗೆ ಯಾರಾದರೂ ಬಂದರೆ ಮೊದಲು ಕಂಬಳಿ, ಬಟ್ಟೆ ಕೊಡುವವರು ಸಿಗುತ್ತಾರೆ. ನೀವು ಪಿಂಚಣಿ ನಿಧಿಯ ಪಟ್ಟಿಯ ವಿಷಯ ಹೇಳಿ. ಮುಂದಿನ ಪರೀಕ್ಷೆಯ ದಿನ ಅವರ ಮಕ್ಕಳನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಹದಿಮೂರನೆಯ ತಿಂಗಳಲ್ಲಿ ಮರೆಯದೆ ಫೋನ್ ಮಾಡಿ.

ಟೀಚರಮ್ಮ ಜೆಂಟಿಲಿಗೆ ವಾಪಸಾಗಲಿಲ್ಲ. ಹ್ಯೂಸ್ಟನ್ನಿನಲ್ಲೇ ಹತ್ತು ವರ್ಷ ಕಲಿಸಿ ನಿವೃತ್ತರಾದರು. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತದ ಮಳೆ ನಾಲ್ಕು ದಿನ ಬಿಡದೆ ಸುರಿದು, ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು ಬಂದ ಬೆಳಗಿನ ಜಾವ, ಐದು ಗಂಟೆಗೆ ಅವರ ಫೋನ್ ಬಂತು. ಹೇಗಿದ್ದೀಯಾ ಎಂದು ಕೇಳಲಿಲ್ಲ. "ನಿನ್ನ ಕಾಗದ ಎಲ್ಲಿವೆ?" ಎಂದರು. ಮಹಡಿಯ ಮೇಲಿವೆ ಎಂದೆ. "ನಿನ್ನ ಪಕ್ಕದ ಮನೆಯವಳದು?"

ಪಕ್ಕದ ಮನೆಯವಳು ಆ ವರ್ಷವಷ್ಟೇ ಟೀಚರ್ ಆಗಿದ್ದ ಹುಡುಗಿ, ಅವಳದು ಒಂದೇ ಅಂತಸ್ತಿನ ಮನೆ. ನನಗೆ ಅದು ಹೊಳೆದಿರಲಿಲ್ಲ.

ನೀರಿಳಿದ ಮೇಲಿನ ಭಾನುವಾರ ಟೀಚರಮ್ಮ ಬಂದರು. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಕಂಕುಳಲ್ಲಿ ಎರಡು ಬಿಳಿ ಟವೆಲ್. ಊಟದ ಮೇಜು ನೀರಿನಲ್ಲಿ ಉಬ್ಬಿ ಹಾಳಾಗಿತ್ತು, ಹಾಗಾಗಿ ಮಹಡಿಯ ಮೇಲೆ ನನ್ನ ಮಗಳ ಓದುವ ಮೇಜನ್ನು ತೆರವು ಮಾಡಿಕೊಟ್ಟೆ. ಆ ಹುಡುಗಿ ತನ್ನ ಫೈಲನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಟೀಚರಮ್ಮ ಕುರ್ಚಿ ಎಳೆದು ಅವಳನ್ನು ಕೂರಿಸಿ, ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ಕೊನೆಯವರೆಗೂ ಕಡಿಮೆ ಮಾಡಿ, ಮೊದಲ ಕಾಗದವನ್ನು ಕೊಡು ಎಂದು ಕೈ ಚಾಚಿದರು.